ಹಸಿವಾಗಿರಬೇಕು, ಪಾಪ

ಈ ಕಥೆಯನ್ನು ನಾನು ಕಣ್ಣಿನಲ್ಲಿ ಹೇಳುತ್ತಿದ್ದೇನೆ, ಅಕ್ಕ ಕೈಯಲ್ಲಿ ಬರೆದುಕೊಳ್ಳುತ್ತಿದ್ದಾಳೆ. ನಾನು ಹೇಳಿದ್ದರಲ್ಲಿ ಒಂದಕ್ಷರವನ್ನೂ ಬದಲಾಯಿಸುವ ಹಾಗಿಲ್ಲ ಎಂದು ಶುರುವಿಗೆ ಮೊದಲೇ ಮಾತಾಗಿದೆ. ತನ್ನ ಬಗ್ಗೆ ಕೆಟ್ಟದ್ದು ಬಂದರೂ ಬರೆಯಬೇಕು. ಬಂದೇ ಬರುತ್ತದೆ ಎಂದು ಅವಳಿಗೂ ಗೊತ್ತು, ಅದಕ್ಕೇ ಈಗಾಗಲೇ ಮುಖ ಊದಿಸಿಕೊಂಡು ಕೂತಿದ್ದಾಳೆ.

ನನಗೆ ಮೂವತ್ತೊಂಬತ್ತು ವರ್ಷ. ಹುಟ್ಟುವಾಗ ಉಸಿರು ಸಿಕ್ಕಲು ತಡವಾಯಿತಂತೆ. ಆ ಕೆಲವು ನಿಮಿಷಗಳ ತಡಕ್ಕೆ ಕೈ, ಕಾಲು, ನಾಲಿಗೆ ಮೂರೂ ನನ್ನ ಮಾತು ಕೇಳದೆ ಹೋದವು. ಕೈ ತನಗೆ ತೋಚಿದ ಕಡೆ ಹಾರುತ್ತದೆ. ಗಂಟಲಿನಿಂದ ಶಬ್ದ ಬರುತ್ತದೆ, ಜೋರಾಗಿಯೇ ಬರುತ್ತದೆ, ಆದರೆ ಮಾತಾಗಿ ಬರುವುದಿಲ್ಲ. ಕಣ್ಣು ಮಾತ್ರ ಹೇಳಿದ ಕಡೆ ಹೋಗಿ ಹೇಳಿದಷ್ಟು ಹೊತ್ತು ನಿಲ್ಲುತ್ತದೆ. ಬೀದಿಯವರೆಲ್ಲ ನನ್ನನ್ನು ಪುಟ್ಟಿ ಎನ್ನುತ್ತಾರೆ. ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡವಳನ್ನು ಪುಟ್ಟಿ ಎನ್ನಲು ಅವರಿಗೆ ನಾಚಿಕೆಯಾಗಬೇಕು.

ನನ್ನ ಮಾತಿನ ಹಲಗೆ ಮಾಡಿಕೊಟ್ಟವನು ಅಪ್ಪ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಗಾಜಿನ ಹಾಗೆ ಆಚೆ ಈಚೆ ಕಾಣುವ ಒಂದು ಪ್ಲಾಸ್ಟಿಕ್ ಹಾಳೆ ತಂದು, ನಡುವೆ ಮುಖ ಕಾಣುವಷ್ಟು ತೂತು ಕೊರೆದು, ತೂತಿನ ಸುತ್ತ ಅಕ್ಷರಗಳನ್ನು ಎಂಟು ಗುಂಪು ಮಾಡಿ ಬರೆದ. ಗುಂಪಿನೊಳಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣ. ಅಕ್ಕ ಅದನ್ನು ನಮ್ಮಿಬ್ಬರ ಮುಖದ ನಡುವೆ ಹಿಡಿಯುತ್ತಾಳೆ. ನಾನು ಮೊದಲು ಗುಂಪನ್ನು ನೋಡುತ್ತೇನೆ, ಆಮೇಲೆ ಬಣ್ಣವನ್ನು. ಎರಡು ನೋಟಕ್ಕೆ ಒಂದಕ್ಷರ, ಕಾಗುಣಿತಕ್ಕೆ ಇನ್ನೆರಡು ನೋಟ, ಒತ್ತು ಬಂದರೆ ಮತ್ತೆರಡು. ಅವಳು ಓದಿದ್ದು ಸರಿಯಿದ್ದರೆ ಕಣ್ಣು ಮೇಲೆತ್ತುತ್ತೇನೆ, ತಪ್ಪಿದ್ದರೆ ಮುಚ್ಚುತ್ತೇನೆ. ಅಂಗಡಿ ಬೋರ್ಡಿನ ಚಟ ಅಪ್ಪನನ್ನು ಇಲ್ಲಿಯೂ ಬಿಡಲಿಲ್ಲ, ಪ್ರತಿ ಅಕ್ಷರದ ಹಿಂದೆ ಕಪ್ಪು ನೆರಳು ಹಾಕಿದ್ದಾನೆ. ಅಪ್ಪ ಹೋಗಿ ಹತ್ತು ವರ್ಷವಾಯಿತು, ಬಣ್ಣ ಇನ್ನೂ ಹೋಗಿಲ್ಲ.

ಪದ ಅರ್ಧವಾಗುವಷ್ಟರಲ್ಲಿ ಅಕ್ಕ ಊಹಿಸುತ್ತಾಳೆ. ಊಹಿಸದಿದ್ದರೆ ಬದುಕು ಸಾಗುವುದಿಲ್ಲ. ಸೊಳ್ಳೆ ಕಚ್ಚುತ್ತಿದೆ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಸೊಳ್ಳೆ ಹೊಟ್ಟೆ ತುಂಬಿಸಿಕೊಂಡು ಮನೆ ಸೇರಿರುತ್ತದೆ. ಹಾಗಾಗಿ ತೊಂದರೆ ಊಹೆಯದಲ್ಲ, ಸಕ್ಕರೆಯದು. 'ಬಾಗಿಲು ಹಾಕು' ಎಂದು ನಾನು ಹೇಳಿದರೆ ಅಕ್ಕ ಎದುರಿನವರಿಗೆ, "ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಬಾಗಿಲು ಹಾಕ್ತೀರಾ?" ಅನ್ನುತ್ತಾಳೆ. 'ಇವನೊಬ್ಬ ಮೂರ್ಖ' ಎಂದರೆ, "ನಿಮ್ಮ ಮಾತು ಇವಳಿಗೆ ಪೂರ್ತಿ ಅರ್ಥ ಆಗಿಲ್ಲ ಅಂತೆ" ಅನ್ನುತ್ತಾಳೆ. ನಾನು ಕಣ್ಣಲ್ಲಿ ಮೆಣಸಿನಕಾಯಿ ಅರೆದು ಕೊಟ್ಟರೆ ಅದು ಅಕ್ಕನ ಬಾಯಿಂದ ಬೆಲ್ಲವಾಗಿ ಹೊರಗೆ ಬರುತ್ತದೆ. ಪುಟ್ಟಿ ಎಷ್ಟು ಒಳ್ಳೆಯವಳು, ಒಂದು ದಿನವೂ ಗೊಣಗಿದವಳಲ್ಲ ಎಂದು ಜನ ಹೊಗಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ.

ಅಕ್ಕ ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆಯಿಂದ ವಾಪಸು ಬಂದವಳು. ಅಲ್ಲಿಂದ ತಂದದ್ದು ಒಂದು ಟ್ರಂಕು ಮತ್ತು ಈ ಮೆತ್ತನೆಯ ಮಾತು. ಯಾರಿಗೂ ಸಿಟ್ಟು ಬರಬಾರದು, ಬಂದರೆ ಏನಾಗುತ್ತದೆಂದು ತನಗೆ ಗೊತ್ತು ಎಂಬಂತೆ ಮಾತಾಡುತ್ತಾಳೆ. ಅಲ್ಲಿ ಏನಾಗಿತ್ತು ಎಂದು ನಾನು ಕೇಳಿಲ್ಲ. (ಅಕ್ಕ ಇಲ್ಲಿ ಪೆನ್ನು ಕೆಳಗಿಟ್ಟಳು. ಒಂದು ಲೋಟ ನೀರು ಕುಡಿದು ಬಂದು ಮತ್ತೆ ಬರೆಯುತ್ತಿದ್ದಾಳೆ.)

ನಮ್ಮಿಬ್ಬರಿಗೂ ಒಂದೇ ಕೆಲಸ. ಔಷಧಿಯ ಡಬ್ಬಿಯೊಳಗೆ ಮಡಚಿ ಮಡಚಿ ಇಟ್ಟಿರುತ್ತಾರಲ್ಲ, ಯಾರೂ ಓದದ ಚೀಟಿ, ಅದನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ನಾನು ಪ್ರೂಫ್ ನೋಡುತ್ತೇನೆ. ಯಾರೂ ಓದದ್ದನ್ನು ನಾನು ಹನ್ನೊಂದು ವರ್ಷದಿಂದ ಓದುತ್ತಿದ್ದೇನೆ. ನನ್ನ ಗಾಲಿಕುರ್ಚಿಯ ಮುಂದೆ ಒಂದು ಇಳಿಜಾರು ಹಲಗೆ. ಅದರ ಮೇಲೆ ಅಕ್ಕ ಎಡಕ್ಕೆ ಕಂಪನಿ ಕಳಿಸಿದ ಮೂಲಪ್ರತಿ, ಬಲಕ್ಕೆ ಪ್ರೂಫ್ ಹಾಳೆ ಕ್ಲಿಪ್ಪು ಹಾಕಿ ನಿಲ್ಲಿಸುತ್ತಾಳೆ. ತಪ್ಪು ಕಂಡರೆ ನಾನು ಒಂದು ಸಲ ಹೂಂಕರಿಸುತ್ತೇನೆ. ಅವಳು ಪೆನ್ಸಿಲ್ ಮೊನೆಯನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಬರುತ್ತಾಳೆ, ಸರಿಯಾದ ಜಾಗಕ್ಕೆ ಬಂದಾಗ ನಾನು ಕಣ್ಣೆತ್ತುತ್ತೇನೆ. ಆಮೇಲೆ ಮಾತಿನ ಹಲಗೆ ಎತ್ತುತ್ತಾಳೆ. ನಾನು ಹೇಳಿದ್ದನ್ನೆಲ್ಲ ಮೊದಲು ಒಂದು ಕಚ್ಚಾ ಪುಸ್ತಕದಲ್ಲಿ ಹೇಳಿದ ಹಾಗೆಯೇ ಗೀಚಿಕೊಳ್ಳುತ್ತಾಳೆ, ಇಲ್ಲದಿದ್ದರೆ ಎಲ್ಲಿಯವರೆಗೆ ಬಂದೆವು ಎಂಬುದು ಇಬ್ಬರಿಗೂ ಮರೆತುಹೋಗುತ್ತದೆ. ಅದರಿಂದ ಬೇಕಾದಷ್ಟನ್ನು ಸೋಸಿ ಪ್ರೂಫಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾಳೆ.

ಕಚ್ಚಾ ಪುಸ್ತಕದಲ್ಲಿ ನನ್ನ ಬೈಗುಳಗಳೂ ಇರುತ್ತವೆ. ಇಡೀ ದಿನ ಸಣ್ಣಕ್ಷರ ಓದುವವಳಿಗೆ ಬಾಯಿ ಕೆಡುವುದು ಸಹಜ.

"ಇದನ್ನೆಲ್ಲ ಯಾರಾದ್ರೂ ನೋಡಿದ್ರೆ ಇಬ್ಬರ ಕೆಲಸಾನೂ ಹೋಗುತ್ತೆ. ಪುಸ್ತಕ ತುಂಬಿದ ಮೇಲೆ ಹರಿದು ಹಾಕ್ತೀನಿ" ಎಂದು ಅಕ್ಕ ಪ್ರತಿ ಸಲ ಹೇಳುತ್ತಿದ್ದಳು. ಹರಿದು ಹಾಕುತ್ತಾಳೆ ಎಂದೇ ನಾನೂ ನಂಬಿದ್ದೆ.

ನಡುವೆ ಒಮ್ಮೆ ಒಂದು ಯಂತ್ರವೂ ಬಂದಿತ್ತು. ಕಣ್ಣನ್ನು ತಾನೇ ನೋಡಿಕೊಂಡು ತಾನೇ ಮಾತಾಡುವ ಟ್ಯಾಬ್ಲೆಟ್, ನನ್ನಂಥವರ ತರಬೇತಿ ಕೇಂದ್ರದವರು ಒಂದು ತಿಂಗಳಿಗೆ ಕೊಟ್ಟಿದ್ದರು. ತೆರೆದ ಕೂಡಲೇ ಮೊದಲ ಪುಟದಲ್ಲಿ ಹನ್ನೆರಡು ಸಿದ್ಧ ಮಾತುಗಳು. ನೀರು ಬೇಕು, ಧನ್ಯವಾದಗಳು, ನನಗೆ ಸಂತೋಷವಾಗಿದೆ, ಇಂಥವೇ. ನಾನು ಹನ್ನೆರಡನ್ನೂ ಹುಡುಕಿದೆ, 'ಬೇಡ' ಇರಲಿಲ್ಲ, 'ಸಿಟ್ಟು ಬಂದಿದೆ' ಅಂತೂ ಇಲ್ಲವೇ ಇಲ್ಲ. ಕೇಂದ್ರದ ಹುಡುಗಿಗೆ ಹೇಳಿದರೆ, "ಅದನ್ನೂ ಸೇರಿಸಬಹುದು, ಒಂದು ಅರ್ಜಿ ಕೊಡಿ" ಅಂದಳು. ಸಿಟ್ಟು ಬರಲು ಅರ್ಜಿ ಕೊಡಬೇಕಾದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಮೇಲಾಗಿ ಪ್ರೆಸ್ಸಿನ ಕಿಟಕಿಯ ಬಿಸಿಲಿಗೆ ಆ ಯಂತ್ರಕ್ಕೆ ನನ್ನ ಕಣ್ಣೇ ಕಾಣುತ್ತಿರಲಿಲ್ಲ. ತಿಂಗಳಾದ ಮೇಲೆ ವಾಪಸು ಹೋಯಿತು.

ಪ್ರೆಸ್ಸು ಮೂರನೇ ಮಹಡಿಯಲ್ಲಿದೆ. ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿರುವವನು ದಿನವೂ ನನ್ನನ್ನು ನೋಡಿ ಅಕ್ಕನನ್ನು ಕೇಳುತ್ತಾನೆ, "ಪುಟ್ಟಿಗೆ ಊಟ ಆಯ್ತಾ?" ಅಕ್ಕ ದಿನವೂ ನಗುತ್ತಾ, "ಆಯ್ತಪ್ಪ" ಅನ್ನುತ್ತಾಳೆ. ಹನ್ನೊಂದು ವರ್ಷದಲ್ಲಿ ಅವನು ನನ್ನನ್ನು ಏನನ್ನೂ ಕೇಳಿಲ್ಲ.

ಮೇಲೆ ಮ್ಯಾನೇಜರು. ಅವನಿಗೆ ನಾನು ಇಟ್ಟ ಹೆಸರು ಇಸ್ತ್ರಿ. ಅಂಗಿಯ ಗೆರೆ ಮುರಿಯುತ್ತದೆಂದು ಕುರ್ಚಿಗೆ ಒರಗುವುದಿಲ್ಲ, ಯಾರಾದರೂ ತಪ್ಪು ತೋರಿಸಿದರೆ ಮೂರು ದಿನ ಅವರ ಕಡೆ ತಿರುಗಿಯೂ ನೋಡುವುದಿಲ್ಲ. ಪಾಪ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲೇ ಇರುತ್ತದೆ, ಅದನ್ನು ನನಗೆ ಮಾತ್ರ ಖರ್ಚು ಮಾಡುತ್ತಾನೆ.

ಆ ದಿನ ಮಧ್ಯಾಹ್ನ ಬಂದದ್ದು ಜ್ವರದ ಸಿರಪ್ಪಿನ ಚೀಟಿ. ಅದರಲ್ಲಿ ಯಾರಿಗೆ ಎಷ್ಟು ಕೊಡಬೇಕೆಂಬ ಪುಟ್ಟ ಪಟ್ಟಿ. ಮೂಲಪ್ರತಿಯಲ್ಲಿ ಹಸುಗೂಸಿಗೆ ಹತ್ತು ಹನಿ, ದೊಡ್ಡವರಿಗೆ ಎರಡು ಮುಚ್ಚಳ ಎಂದಿತ್ತು. ಪ್ರೂಫಿನಲ್ಲಿ ಹಸುಗೂಸಿನ ಎದುರು ಎರಡು ಮುಚ್ಚಳ, ದೊಡ್ಡವರ ಎದುರು ಹತ್ತು ಹನಿ. ಪಟ್ಟಿ ಕಾಲಮ್ಮಿನಲ್ಲಿ ಕೂರುತ್ತಿಲ್ಲವೆಂದು ಬೆಳಿಗ್ಗೆ ಇಸ್ತ್ರಿ ಸ್ವತಃ ಕಂಪ್ಯೂಟರಿನ ಮುಂದೆ ಕೂತು ಸಾಲುಗಳನ್ನು ಸರಿಸಿದ್ದ. ಸರಿಸುವ ಭರದಲ್ಲಿ ಅದಲುಬದಲು ಮಾಡಿಬಿಟ್ಟಿದ್ದ.

ನಾನು ಹೂಂಕರಿಸಿದ್ದು ಎಷ್ಟು ಜೋರಾಗಿತ್ತೆಂದರೆ ಅಕ್ಕನ ಕೈಯ ಪೆನ್ಸಿಲ್ಲು ಬಿತ್ತು. ಹಲಗೆ ಎತ್ತಿದಳು. ನಾನು ಹೇಳಿದೆ: ನಿಲ್ಲಿಸು. ಸಾಲು ಅದಲುಬದಲಾಗಿದೆ. ಕೂಸಿಗೆ ದೊಡ್ಡವರ ಅಳತೆ. ಕುಡಿಸಿದರೆ ಸಾಯುತ್ತೆ. ಇಸ್ತ್ರಿಗೆ ಈಗಲೇ ಹೇಳು.

ಅಕ್ಕ ಎಲ್ಲವನ್ನೂ ಕಚ್ಚಾ ಪುಸ್ತಕದಲ್ಲಿ ಬರೆದುಕೊಂಡಳು. ಕೆಂಪು ಪೆನ್ನು ಎತ್ತಿಕೊಂಡಳು. ಆಮೇಲೆ ಏನು ತೋಚಿತೋ, ಪೆನ್ನಿನ ಮುಚ್ಚಳ ಹಾಕಿದಳು. ಇದು ಮ್ಯಾನೇಜರು ತಾನೇ ಮಾಡಿದ ಪಟ್ಟಿ, ಅದರ ಅಂಚಿನಲ್ಲಿ ಕೆಂಪು ಗೆರೆ ಎಳೆದರೆ ಅವನ ಮುಖಕ್ಕೆ ಹೊಡೆದ ಹಾಗೆ, ಬಾಯಲ್ಲಿ ಹೇಳಿದರೆ ಅವನೇ ಸದ್ದಿಲ್ಲದೆ ಸರಿಮಾಡಿಕೊಳ್ಳುತ್ತಾನೆ. ಇದು ಅಕ್ಕನ ಲೆಕ್ಕಾಚಾರ. ಈ ತಪ್ಪನ್ನು ಲೋಕದಲ್ಲಿ ನನ್ನ ಅಕ್ಕ ಒಬ್ಬಳೇ ಮಾಡಬಲ್ಲಳು.

ಪ್ರೂಫ್ ಹಿಡಿದುಕೊಂಡು ಅವನ ಮೇಜಿನ ಹತ್ತಿರ ಹೋದಳು. ನನ್ನ ಕುರ್ಚಿಯಿಂದ ಎಂಟು ಹೆಜ್ಜೆ ದೂರ, ಎಲ್ಲ ಕೇಳಿಸುತ್ತಿತ್ತು.

"ಸರ್, ಬಿಡುವಾದಾಗ ಒಂದ್ಸಲ ಈ ಪಟ್ಟಿ ಮೇಲೆ ಕಣ್ಣಾಡಿಸ್ತೀರಾ? ಪುಟ್ಟಿಗೇನೋ ಸಣ್ಣ ಅನುಮಾನ ಬಂದ ಹಾಗಿದೆ."

"ನೋಡೋಣ, ನೋಡೋಣ. ಇಲ್ಲಿಡಿ" ಎಂದ ಇಸ್ತ್ರಿ, ಫೋನಿನಿಂದ ತಲೆ ಎತ್ತದೆ.

ಸಣ್ಣ ಅನುಮಾನ! ನಾನು ಕಿರುಚಿದೆ. ಕುರ್ಚಿ ಅಲ್ಲಾಡುವ ಹಾಗೆ, ಹಿಂದಿನ ಕೋಣೆಯ ಯಂತ್ರದ ಸದ್ದನ್ನೂ ಮೀರಿ ಕಿರುಚಿದೆ. ಚೀಟಿ ಮಡಚುವ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ತಿರುಗಿದರು. ಇಸ್ತ್ರಿ ಫೋನನ್ನು ಅಂಗೈಯಲ್ಲಿ ಮುಚ್ಚಿ ನನ್ನ ಕಡೆ ನೋಡಿದ. ಆ ಕ್ಷಣಕ್ಕೆ ಕೇಳಿಸಿತು ಎಂದುಕೊಂಡೆ.

"ಹಸಿವಾಗಿರಬೇಕು, ಪಾಪ" ಎಂದ. "ಇವತ್ತು ಬೇಗ ಕರ್ಕೊಂಡು ಹೋಗಿ."

ಅಕ್ಕ ಅವಮಾನದಿಂದ ಕೆಂಪಾಗಿ ನನ್ನ ಕುರ್ಚಿಯನ್ನು ತಳ್ಳಿಕೊಂಡು ಹೊರಟಳು. ನಾನು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದೆ. ಇಲ್ಲ, ಇಲ್ಲ, ಇಲ್ಲ ಎಂದು ಅದರ ಅರ್ಥ. ನಿದ್ದೆ ಬಂದಿದೆ ಎಂದುಕೊಂಡಳು. "ಅವರು ನೋಡೋಣ ಅಂದಿದ್ದಾರಲ್ಲ, ನೋಡ್ತಾರೆ ಬಿಡು" ಎಂದು ಲಿಫ್ಟಿನಲ್ಲಿ ಸಮಾಧಾನ ಬೇರೆ ಹೇಳಿದಳು.

ಅವನು ನೋಡಲಿಲ್ಲ. ಅಂಚು ಸ್ವಚ್ಛವಾಗಿದೆಯೆಂದು 'ಪ್ರೂಫ್ ನೋಡಲಾಗಿದೆ' ಎಂಬ ಮುದ್ರೆಯನ್ನು ತಾನೇ ಒತ್ತಿ ಅವತ್ತೇ ಯಂತ್ರಕ್ಕೆ ಕಳಿಸಿದ. ಚೀಟಿಗಳು ಡಬ್ಬಿಗಳೊಳಗೆ ಸೇರಿ ಅಂಗಡಿಗಳಿಗೆ ಹೋದವು. ಯಾವುದೋ ಒಂದು ಔಷಧಿ ಅಂಗಡಿಯವಳಿಗೆ ಚೀಟಿ ಬಿಡಿಸಿ ಓದುವ ಒಳ್ಳೆಯ ಚಟವಿತ್ತು. ಅವಳು ಹೌಹಾರಿ ಕಂಪನಿಗೆ ಫೋನು ಮಾಡಿದಳಂತೆ. ಎರಡೇ ದಿನದಲ್ಲಿ ಎಲ್ಲ ಡಬ್ಬಿಗಳನ್ನೂ ವಾಪಸು ತರಿಸಿದರು. ಯಾವ ಮಗುವಿಗೂ ಏನೂ ಆಗಲಿಲ್ಲ. ಈ ಮಾತು ಕಿವಿಗೆ ಬೀಳುವವರೆಗೆ ನನ್ನ ಗಂಟಲಿನಲ್ಲಿ ಒಂದು ತುತ್ತೂ ಇಳಿದಿರಲಿಲ್ಲ. ಬಿದ್ದ ಮೇಲೆ ಹಸಿವಲ್ಲ, ಸಿಟ್ಟು ಬಂತು.

ಮಾರನೆಯ ವಾರ ಯಜಮಾನರ ಕೋಣೆಗೆ ಕರೆ ಬಂತು. ಯಜಮಾನರು ಎಂದರೆ ಪ್ರೆಸ್ಸಿನ ಮಾಲೀಕರು, ಜಗಳ ಕಂಡರೆ ಬಿ.ಪಿ. ಏರುವ ಮನುಷ್ಯ. ಅವರ ಪಕ್ಕದಲ್ಲಿ ಇಸ್ತ್ರಿ. ಎದುರಿಗೆ ಔಷಧಿ ಕಂಪನಿಯಿಂದ ವಿಚಾರಣೆಗೆ ಬಂದ ತಪಾಸಣೆಯ ಮೇಡಂ, ಗಿಡ್ಡ ಕೂದಲು, ಮಡಿಲಲ್ಲಿ ದಪ್ಪ ಫೈಲು. ನಾವು ಹೋಗುವ ಹೊತ್ತಿಗೆ ಮೇಜಿನ ಮೇಲೆ ಒಂದು ಪತ್ರ ತಯಾರಾಗಿತ್ತು. ಇಸ್ತ್ರಿ ಓದಿದ.

"ಚೀಟಿಯ ಪ್ರೂಫ್ ನೋಡುವಾಗ ತಪ್ಪು ನನ್ನ ಗಮನಕ್ಕೆ ಬರಲಿಲ್ಲ. ನನ್ನ ಅಂಗವೈಕಲ್ಯದ ಕಾರಣದಿಂದ ಈ ಕೆಲಸವನ್ನು ಮುಂದುವರಿಸಲು ನನ್ನಿಂದ ಸಾಧ್ಯವಾಗುತ್ತಿಲ್ಲ."

"ಯಾರೂ ಬೈತಿಲ್ಲಮ್ಮ" ಎಂದರು ಯಜಮಾನರು, ನನಗಲ್ಲ, ಅಕ್ಕನಿಗೆ. "ಒಂದು ಹೆಬ್ಬೆಟ್ಟು ಒತ್ತಿಸಿಬಿಡಿ ಸಾಕು. ನಿಮ್ಮ ಕೆಲಸಕ್ಕೆ ತೊಂದರೆ ಇಲ್ಲ, ಮಡಚೋ ಕಡೆ ಹಾಕ್ತೀವಿ. ಪುಟ್ಟಿ ಮನೇಲಿ ಆರಾಮಾಗಿರ್ಲಿ."

ಆರಾಮಾಗಿರುವುದು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೆಂಟು ವರ್ಷ ಆರಾಮಾಗಿಯೇ ಇದ್ದೆ. ಕಿಟಕಿಯ ಪಕ್ಕ ಕೂರಿಸುತ್ತಿದ್ದರು, ಬಿಸಿಲು ಬಂದರೆ ಸರಿಸುತ್ತಿದ್ದರು. ಈ ಪ್ರೆಸ್ಸಿಗೆ ಬಂದ ಮೇಲೆ ನಾನು ಓದುವವಳಾದೆ. ನನ್ನ ಹೆಸರಿನ ಮುಂದೆ ಒಂದು ಕೆಲಸ ಬಂತು. ಆ ಕಾಗದಕ್ಕೆ ಹೆಬ್ಬೆಟ್ಟು ಬಿದ್ದರೆ ಕೆಲಸ ಮಾತ್ರ ಹೋಗುವುದಿಲ್ಲ, ಕೂಸಿನ ಜೀವಕ್ಕೆ ಎರವಾಗಬಹುದಾಗಿದ್ದ ತಪ್ಪು ಕಣ್ಣೆದುರಿಗಿದ್ದೂ ಕಾಣದವಳು ಎಂಬ ಹೆಸರು ನನಗೆ ಕಾಯಂ ಆಗುತ್ತದೆ. ಅದನ್ನು ನಾನು ಸಾಯುವವರೆಗೆ ಒಪ್ಪುವವಳಲ್ಲ.

ಇಸ್ತ್ರಿ ಶಾಯಿಯ ಪ್ಯಾಡು ತೆರೆದು ನನ್ನ ಕೈಯ ಹತ್ತಿರ ತಂದ. ಅಕ್ಕ ನನ್ನ ಹೆಬ್ಬೆರಳು ಹಿಡಿಯಲು ಬಗ್ಗಿದಳು. ಹುಟ್ಟಿದಂದಿನಿಂದ ನನ್ನ ಮಾತು ಕೇಳದ ಈ ಕೈ ಅವತ್ತು ಮೊದಲ ಸಲ ನನ್ನ ಪರವಾಗಿ ನಿಂತಿತು. ಎಲ್ಲಿಂದ ಹಾರಿತೋ, ಪ್ಯಾಡಿಗೆ ಬಡಿಯಿತು, ಪ್ಯಾಡು ಹೋಗಿ ಇಸ್ತ್ರಿಯ ಎದೆಗೆ ಅಂಟಿತು. ಬೆಳ್ಳನೆಯ ಅಂಗಿಯ ಮೇಲೆ ಅಂಗೈಯಗಲ ನೇರಳೆ. ಬೇಕಂತಲೇ ಮಾಡಿದೆಯಾ ಎಂದು ಅಕ್ಕ ಇವತ್ತಿಗೂ ಕೇಳುತ್ತಾಳೆ. ನಾನು ಹೇಳುವುದಿಲ್ಲ.

ಆಮೇಲೆ ಕಿರುಚಿದೆ. ಅವತ್ತು ಕಿರುಚಿದ ಹಾಗೆಯೇ.

"ಇವರೇನೋ ಹೇಳ್ತಿದ್ದಾರೆ ಅನ್ಸುತ್ತೆ" ಎಂದರು ಮೇಡಂ.

"ಏನಿಲ್ಲ ಮೇಡಂ" ಎಂದ ಇಸ್ತ್ರಿ, ಕರ್ಚೀಪಿನಿಂದ ಎದೆ ಉಜ್ಜಿಕೊಳ್ಳುತ್ತಾ. "ಹಸಿವಾಗಿರಬೇಕು, ಪಾಪ. ಇದು ಅವರ ತಿಂಡಿ ಹೊತ್ತು."

ಮೇಡಂ ಅವನನ್ನೂ ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ನನ್ನೆದುರು ಬಂದು ಕೂತರು. "ನಿಮಗೆ ಹಸಿವಾಗಿದೆಯಾ?" ಎಂದು ನನ್ನನ್ನೇ ಕೇಳಿದರು.

ನಾನು ಕಣ್ಣು ಮುಚ್ಚಿದೆ.

"ಅಂದ್ರೆ ಇಲ್ಲ ಅಂತ" ಎಂದಳು ಅಕ್ಕ, ಸಣ್ಣ ದನಿಯಲ್ಲಿ.

"ಹಾಗಾದ್ರೆ ಏನು ಹೇಳ್ಬೇಕು ಅಂತಿದ್ದಾರೋ ಹೇಳ್ಲಿ."

ಅಕ್ಕ ಹಲಗೆ ಎತ್ತಿದಳು. ನಾನು ಹೇಳಿದೆ: ತಪ್ಪು ನನಗೆ ಕಂಡಿತ್ತು. ಅವತ್ತೇ ಹೇಳಿದೆ. ಅಕ್ಕ ಓದಿದಳು. ಯಜಮಾನರು ಕುರ್ಚಿಯಲ್ಲಿ ಒಮ್ಮೆ ಮಿಸುಕಾಡಿದರು.

"ಮೇಡಂ, ಇದೆಲ್ಲ ಅಕ್ಕನ ಮಾತು" ಎಂದು ಇಸ್ತ್ರಿ ನಕ್ಕ. "ಇವರು ಆ ಹಾಳೆ ಹಿಡ್ಕೊಂಡು ಏನು ಬೇಕಾದ್ರೂ ಹೇಳಬಹುದು. ಪಾಪ, ಅದು ಸುಮ್ನೆ ಕಣ್ಣು ಹೊರಳಿಸುತ್ತೆ. ಹನ್ನೊಂದು ವರ್ಷದಿಂದ ನೋಡ್ತಿದ್ದೀವಿ, ಕೆಲಸ ಮಾಡೋರು ಅಕ್ಕ. ಕರುಣೆಯಿಂದ ಇಬ್ಬರಿಗೂ ಜಾಗ ಕೊಟ್ಟಿದ್ದೀವಿ ಅಷ್ಟೇ."

'ಅದು' ಅಂದ. ನಪುಂಸಕ ಲಿಂಗದಲ್ಲಿ, ನನ್ನೆದುರಿಗೆ.

ಮೇಡಂ ಹುಬ್ಬು ಗಂಟಿಕ್ಕಿದರು. ಅವರಿಗೂ ಅನುಮಾನ ಹೊಕ್ಕಿತೆಂದು ನನಗೆ ಗೊತ್ತಾಯಿತು. ಅವರದೂ ತಪ್ಪಲ್ಲ, ನನ್ನ ಮಾತಿಗೆ ಬಾಯಿ ಬೇರೆಯವರದು. ಅಕ್ಕನ ಕಡೆ ತಿರುಗಿ ಕೇಳಿದರು, "ಇವರು ಅವತ್ತು ಹೇಳಿದ್ದನ್ನ ನೀವು ಮ್ಯಾನೇಜರಿಗೆ ಹಾಗೇ ಹೇಳಿದ್ರಾ?"

ಅಕ್ಕ ಸೆರಗಿನ ತುದಿ ತಿರುಚಿದಳು. ಇಸ್ತ್ರಿಯ ಮುಖ ನೋಡಿದಳು, ಯಜಮಾನರ ಮುಖ ನೋಡಿದಳು. "ಹೇಳಿದೆ ಮೇಡಂ... ಹೆಚ್ಚು ಕಮ್ಮಿ ಹಾಗೇನೇ... ಪಾಪ, ಅವರಿಗೂ ಕೆಲಸ ಜಾಸ್ತಿ ಇತ್ತು."

ಆ ಕೋಣೆಯಲ್ಲೂ ಸಕ್ಕರೆ! ನಾನು ಹೂಂಕರಿಸಿದೆ. ಹಲಗೆ ಮತ್ತೆ ಮೇಲೆ ಬಂತು. ನಾನು ಮೊದಲ ಪದ ಹೇಳಿದೆ.

"ಅಕ್ಕ" ಎಂದು ಓದಿದಳು ಅಕ್ಕ.

ಎರಡನೆಯ ಪದದ ಮೊದಲಕ್ಷರ ಹೇಳಿದೆ.

"ಸು... ಸುಸ್ತಾಗಿದೆಯಾ?"

ಕಣ್ಣು ಮುಚ್ಚಿದೆ.

"ಸುಮ್ನೆ ಇರ್ಲಿ ಬಿಡು ಅಂತನಾ?"

ಮತ್ತೆ ಮುಚ್ಚಿದೆ. ಮುಂದಿನ ಅಕ್ಷರ ಹೇಳಿದೆ, ಅದರ ಒತ್ತನ್ನೂ ಹೇಳಿದೆ. ಅಷ್ಟಕ್ಕೆ ಅವಳಿಗೆ ಪೂರ್ತಿ ಗೊತ್ತಾಯಿತು. ತೂತಿನ ಆಚೆ ಅವಳ ಮುಖದ ಬಣ್ಣ ಇಳಿದುಹೋಯಿತು. ನಾನು ನಿಲ್ಲಿಸಲಿಲ್ಲ. ಕೊನೆಯ ಅಕ್ಷರದವರೆಗೂ ಹೋದೆ.

ಅವಳು ಬಾಯಿ ತೆರೆಯಲಿಲ್ಲ. ಆ ಹೊತ್ತಿನಲ್ಲಿ ನಾನು ಅನುಭವಿಸಿದ ಹೆದರಿಕೆಯನ್ನು ಯಾರಿಗೂ ಬಯಸುವುದಿಲ್ಲ. ಅಕ್ಕ ಮನಸ್ಸು ಮಾಡಿದ್ದರೆ ಹಲಗೆ ಇಳಿಸಿ, 'ಅವಳಿಗೆ ಸುಸ್ತಾಗಿದೆಯಂತೆ' ಎಂದು ಹೇಳಿ, ಕುರ್ಚಿ ತಿರುಗಿಸಿ ಹೊರಟುಬಿಡಬಹುದಿತ್ತು. ಆ ಕೋಣೆಯಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ನನ್ನನ್ನು ಮೀಯಿಸಿ, ಉಣಿಸಿ, ಎತ್ತಿ ಮಲಗಿಸುವ ಕೈಗಳೇ ನನ್ನ ಬಾಯಿಯನ್ನೂ ಹಿಡಿದುಕೊಂಡಿದ್ದವು. ನಾನು ಅವಳನ್ನು ಬೇಡಿಕೊಳ್ಳಲಿಲ್ಲ. ತೂತಿನಲ್ಲಿ ಕಾಣುವ ಅವಳ ಕಣ್ಣುಗಳನ್ನು ಕದಲದೆ ನೋಡುತ್ತಾ ಕೂತೆ.

"ಅಕ್ಕ ಸುಳ್ಳು ಹೇಳುತ್ತಿದ್ದಾಳೆ" ಎಂದು ಓದಿದಳು ಅಕ್ಕ.



"ಮುಂದೆ?" ಎಂದರು ಮೇಡಂ.

ಮುಂದೆ ಹೇಳಿದೆ. ಅವಳು ಅಳುತ್ತಲೇ ಓದಿದಳು, ಒಂದು ಪದವನ್ನೂ ಊಹಿಸಲಿಲ್ಲ. "ನಾನು ನಿಲ್ಲಿಸಿ ಅಂದೆ. ಅಕ್ಕ ಬಿಡುವಾದಾಗ ನೋಡಿ ಅಂದಳು. ಕೂಸು ಸಾಯುತ್ತೆ ಅಂದೆ. ಅಕ್ಕ ಸಣ್ಣ ಅನುಮಾನ ಅಂದಳು. ಇವನ ಮುಖ ಕೆಟ್ಟೀತು ಅಂತ ಅವಳಿಗೆ ಹೆದರಿಕೆ."

ಮೇಡಂ ನಿಧಾನವಾಗಿ ಇಸ್ತ್ರಿಯ ಕಡೆ ತಿರುಗಿದರು. "ಇದೂ ಅಕ್ಕನ ಮಾತೇನ್ರೀ?"

ಇಸ್ತ್ರಿ ಮತ್ತೆ ಕರ್ಚೀಪು ಎತ್ತಿಕೊಂಡು ಎದೆ ಉಜ್ಜತೊಡಗಿದ. ಅವನ ಅಂಗಿಯ ನೇರಳೆ ಆ ಹೊತ್ತಿಗೆ ಜೇಬಿನವರೆಗೂ ಇಳಿದಿತ್ತು.

ಆಗ ಅಕ್ಕ ನಾನು ಹೇಳದ ಒಂದು ಕೆಲಸ ಮಾಡಿದಳು. ಹಲಗೆಯನ್ನು ನನ್ನ ಮಡಿಲಲ್ಲಿಟ್ಟು, ತನ್ನ ಕೈಚೀಲದಿಂದ ಒಂದು ಪುಸ್ತಕ ತೆಗೆದು ಮೇಡಂ ಕೈಗೆ ಕೊಟ್ಟಳು. ಕಚ್ಚಾ ಪುಸ್ತಕ. ಬೆಳಿಗ್ಗೆಯೇ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು, ತೆಗೆಯುವ ಧೈರ್ಯ ಮಾತ್ರ ಅಲ್ಲಿಯವರೆಗೆ ಬಂದಿರಲಿಲ್ಲ.

"ಅವಳು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಂಡಿರ್ತೀನಿ ಮೇಡಂ. ತಾರೀಕು ಇದೆ. ಇಂಥವು ಮನೇಲಿ ಇನ್ನೂ ಮೂವತ್ತಿದೆ."

ನಾನು ಅವಳ ಕಡೆ ನೋಡಿದ ನೋಟಕ್ಕೆ ಹಲಗೆ ಬೇಕಾಗಲಿಲ್ಲ.

"ಹರಿದು ಹಾಕ್ತೀನಿ ಅಂತಿದ್ದೆ, ನಿಜ. ನಿನ್ನ ಮಾತು ಹರಿಯೋಕೆ ಕೈ ಬರಲಿಲ್ಲ" ಎಂದಳು.

ಮೇಡಂ ಪುಟ ತಿರುವಿ ಆ ದಿನದ ತಾರೀಕು ಹುಡುಕಿದರು. ಗಟ್ಟಿಯಾಗಿ ಓದಿದರು. ನಿಲ್ಲಿಸು, ಸಾಲು ಅದಲುಬದಲಾಗಿದೆ, ಕುಡಿಸಿದರೆ ಸಾಯುತ್ತೆ, ಎಲ್ಲ ಇತ್ತು. ಓದುತ್ತಾ ಓದುತ್ತಾ ತಲೆ ಎತ್ತಿ ಕೇಳಿದರು, "ಇಲ್ಲಿ 'ಇಸ್ತ್ರಿಗೆ ಈಗಲೇ ಹೇಳು' ಅಂತಿದೆ. ಇಸ್ತ್ರಿ ಅಂದ್ರೆ ಯಾರು?"

ಎಲ್ಲರೂ ಒಂದೇ ಕಡೆ ನೋಡಿದರು.

ಹಿಂದಿನ ಪುಟಗಳನ್ನೂ ತಿರುವಿದರು. ಅಲ್ಲಲ್ಲಿ ಅವರ ತುಟಿ ಅದುರಿತು. ಯಜಮಾನರ ಬಗ್ಗೆ ನಾನು ಹೇಳಿದ ಒಂದು ಮಾತು ಬಂದಾಗ ಕೆಮ್ಮುತ್ತಾ ಪುಸ್ತಕ ಮುಚ್ಚಿದರು. "ನಮ್ಮ ಕಂಪನಿಯ ಯಾವ ಚೀಟಿಯೂ ಇನ್ನು ಮುಂದೆ ಇವರು ನೋಡದೆ ಯಂತ್ರಕ್ಕೆ ಹೋಗಬಾರದು. ಪ್ರೂಫಿನ ಜೊತೆ ಈ ಪುಸ್ತಕದ ಪುಟದ ನಕಲೂ ನಮಗೆ ಬರಬೇಕು" ಎಂದರು.

ಯಜಮಾನರು ತಲೆಯಾಡಿಸುತ್ತಾ ಆ ಪತ್ರವನ್ನು ಮಡಚಿ ಜೇಬಿಗೆ ತುರುಕಿದರು. "ಆಯ್ತಲ್ಲಮ್ಮ, ಎಲ್ಲ ಸರಿಹೋಯ್ತು. ಇನ್ನು ಹೊರಡೋಣ."

ಆಗಿರಲಿಲ್ಲ. ನಾನು ಹೂಂಕರಿಸಿದೆ. ಅಕ್ಕ ಕಣ್ಣೊರೆಸಿಕೊಂಡು ಹಲಗೆ ಎತ್ತಿದಳು.

"ಹೊಸ ಪತ್ರ ಬೇಕು. ನಾನು ಹೇಳುತ್ತೇನೆ. ಎಲ್ಲರೂ ಕೂತುಕೊಳ್ಳಿ" ಎಂದು ಓದಿದಳು. 'ದಯವಿಟ್ಟು' ಸೇರಿಸಲಿಲ್ಲ.

ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಯಜಮಾನರು ಗಡಿಯಾರ ನೋಡಿದರು, ಎದ್ದು ಫ್ಯಾನು ಹಾಕಿದರು, ಮತ್ತೆ ಕೂತರು. ಮೇಡಂ ಯಾರಿಗೋ ಫೋನು ಮಾಡಿ ತಡವಾಗುತ್ತದೆ ಎಂದರು. ಇಸ್ತ್ರಿ ನನ್ನ ಕಣ್ಣು ಗುಂಪಿನಿಂದ ಬಣ್ಣಕ್ಕೆ, ಬಣ್ಣದಿಂದ ಗುಂಪಿಗೆ ಹೋಗುವುದನ್ನು ಹನ್ನೊಂದು ವರ್ಷದಲ್ಲಿ ಮೊದಲ ಸಲ ನೋಡಿದ. ಅವಸರ ಮಾಡಬಾರದೆಂದು ನಾನು ಬೇಕೆಂದೇ ಉದ್ದುದ್ದ ಪದಗಳನ್ನು ಹುಡುಕಿ ಹಾಕಿದೆ. ಪತ್ರದ ಸಾರ ಇಷ್ಟು: ತಪ್ಪು ನನಗೆ ಕಂಡಿತು. ನಾನು ಹೇಳಿದೆ. ಅಕ್ಕ ನನ್ನ ಮಾತನ್ನು ಮೆತ್ತಗೆ ಮಾಡಿದಳು, ಅದು ಅವಳ ತಪ್ಪು. ಮ್ಯಾನೇಜರು ನೋಡದೆ ಮುದ್ರೆ ಒತ್ತಿದರು, ಅದು ಅವರ ತಪ್ಪು. ನಾನು ಕಿರುಚಿದ್ದನ್ನು ಇಡೀ ಪ್ರೆಸ್ಸು ಕೇಳಿಸಿಕೊಂಡಿತು, ಯಾರೂ ಏನೆಂದು ಕೇಳಲಿಲ್ಲ, ಅದು ಎಲ್ಲರ ತಪ್ಪು. ನಾನು ಈ ಕೆಲಸದಲ್ಲಿ ಮುಂದುವರಿಯುತ್ತೇನೆ.

ಹೊಸ ಪ್ಯಾಡು ತಂದರು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು, ಹೆಬ್ಬೆರಳನ್ನು ನಾನೇ ಚಾಚಿದೆ.

ಲಿಫ್ಟಿಗೆ ಕಾಯುವಾಗ ಅಕ್ಕನ ಕಣ್ಣು ಕೆಂಪಾಗಿ ಊದಿತ್ತು. "ಅದನ್ನ ಎಲ್ಲರ ಮುಂದೆ ಹೇಳ್ಬೇಕಿತ್ತಾ?" ಎಂದಳು.

ನಾನು ಹಲಗೆಯ ಕಡೆ ನೋಡಿದೆ. ಎತ್ತಿದಳು.

"ಹೇಳಿದ್ದು ನೀನು" ಎಂದು ಓದಿದಳು. ಓದಿ ಮುಗಿಸಿ, ಅಳುವುದನ್ನೂ ನಗುವುದನ್ನೂ ಒಟ್ಟಿಗೆ ಶುರುಮಾಡಿ ನನ್ನ ತಲೆಗೆ ಮೆಲ್ಲಗೆ ಒಮ್ಮೆ ಮೊಟಕಿದಳು. ಅವಳ ಮೇಲೆ ನನಗಿದ್ದ ಸಿಟ್ಟು ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ಅವಳಂಥ ಇನ್ನೊಬ್ಬ ಧೈರ್ಯವಂತೆಯನ್ನು ನಾನು ಕಂಡಿಲ್ಲ. (ಇದನ್ನು ಬರೆಯಲಾರೆ ಎನ್ನುತ್ತಿದ್ದಾಳೆ. ಬರೆಯಲೇಬೇಕು, ಮಾತಾಗಿದೆ.)

ಲಿಫ್ಟು ಬಂತು. ಸ್ಟೂಲಿನವನು ನನ್ನನ್ನು ನೋಡಿದ, ಅಕ್ಕನನ್ನು ಕೇಳಿದ.

"ಏನು ಇವತ್ತು ಇಷ್ಟು ಹೊತ್ತು? ಪುಟ್ಟಿಗೆ ಹಸಿವಾಗಿರಬೇಕು ಪಾಪ. ಊಟ ಆಯ್ತಾ ಅವಳಿಗೆ?"

ಅಕ್ಕನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. 'ಆ' ಎನ್ನುವಷ್ಟರಲ್ಲಿ ನಿಂತಿತು.

"ಅವಳನ್ನೇ ಕೇಳಿ" ಎಂದಳು. ಹಲಗೆ ಎತ್ತಿ ಹಿಡಿದಳು.

ಅವನು ಗಲಿಬಿಲಿಗೊಂಡು ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ನಿಂತ. ಕೆಳಗಿನ ಮಹಡಿಯಿಂದ ಯಾರೋ ಗಂಟೆ ಒತ್ತತೊಡಗಿದರು. ನಾನು ಒಂದೊಂದೇ ಅಕ್ಷರ ಹೇಳಿದೆ. ಗಂಟೆ ಒತ್ತುತ್ತಲೇ ಇದ್ದರು, ನಾನು ಹೇಳುತ್ತಲೇ ಇದ್ದೆ. ಅಕ್ಕ ನಡುವೆ ಎಲ್ಲೂ ಊಹಿಸಲಿಲ್ಲ, ಕೊನೆಯವರೆಗೆ ಕಾದಳು. ಆಮೇಲೆ ಅವನ ಕಡೆ ತಿರುಗಿ, ನನ್ನ ವಯಸ್ಸಿಗೆ ತಕ್ಕ ದನಿಯಲ್ಲಿ, ಒಂದಕ್ಷರವನ್ನೂ ಬದಲಾಯಿಸದೆ ಹೇಳಿದಳು:

"ನನಗೆ ಮೂವತ್ತೊಂಬತ್ತು ವರ್ಷ. ಊಟ ನಾನು ಹೋಗಿ ಮಾಡ್ತೀನಿ. ನಿಂದಾಯ್ತಾ, ಪುಟ್ಟಾ?"